ತೋಟಕ್ಕೆ ಹಾಕುವ ಸುಣ್ಣವನ್ನು ಕಡಲಿಗೂ ಹಾಕಬಾರದೇ?

ಪ್ರಶ್ನೆ: ಮಣ್ಣು ಹುಳಿಯಾದರೆ ನಾವು ಸುಣ್ಣ ಹಾಕುತ್ತೇವೆ. ಕಡಲು ಆಮ್ಲೀಯವಾಗಿ ಹವಳದ ದಿಬ್ಬಗಳು ಕರಗುತ್ತಿವೆ ಎನ್ನುತ್ತೀರಲ್ಲ, ಹಡಗಿನಲ್ಲಿ ಸುಣ್ಣದ ಪುಡಿ ಒಯ್ದು ಸುರಿಯಲು ಏನು ಅಡ್ಡಿ? (ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ)

ಉತ್ತರ: ಚಿಕ್ಕಮಗಳೂರಿನಲ್ಲಿ ಕುಳಿತು ಕಡಲಿನ ರಸಾಯನದ ಬಗ್ಗೆ ಬರೆಯತೊಡಗಿದಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಪ್ರಶ್ನೆ ದಡ್ಡತನದ್ದಲ್ಲ. ಆದರೆ ಇದನ್ನು ಕೇಳುವವರಲ್ಲಿ ಹೆಚ್ಚಿನವರು ಮಣ್ಣು ಪರೀಕ್ಷೆ ಮಾಡಿಸದೆ, ಪಕ್ಕದ ತೋಟದವರು ಹಾಕಿದರೆಂದು ತಾವೂ ಸುಣ್ಣ ಎರಚಿದವರು ಎಂಬ ಗುಮಾನಿ ನನಗಿದೆ. ಬಾಳೆಹೊನ್ನೂರಿನಲ್ಲಿ 1925ರಿಂದಲೂ ಕಾಫಿ ಸಂಶೋಧನಾ ಕೇಂದ್ರವಿರುವ ಜಿಲ್ಲೆಯಲ್ಲಿ ಹೀಗಾಗಬಾರದಿತ್ತು.

ಹುಳಿ-ಕ್ಷಾರವನ್ನು ಅಳೆಯುವ ಮಾನ ಪಿಎಚ್; 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ತಮ್ಮ ತೋಟದ ಮಣ್ಣಿನ ಪಿಎಚ್ 5ಕ್ಕೆ ಇಳಿದಿರಬಹುದು. ಕಡಲ ಮೇಲ್ಪದರದ ಪಿಎಚ್ 8.1ರ ಆಸುಪಾಸಿನಲ್ಲಿದೆ, ಅಂದರೆ ಅದು ಇಂದಿಗೂ ಕ್ಷಾರೀಯವೇ. ಕೈಗಾರಿಕೆಗಳು ಬರುವ ಮುನ್ನ ಅದು ಸುಮಾರು 8.2 ಇತ್ತು. ಆಮ್ಲೀಕರಣವೆಂಬ ಮಾತು ನೀರು ಸಾಗುತ್ತಿರುವ ದಿಕ್ಕನ್ನು ಹೇಳುತ್ತದೆಯೇ ಹೊರತು ಅದು ಹುಳಿಯಾಗಿದೆಯೆಂದು ಹೇಳುವುದಿಲ್ಲ. ಇಳಿದದ್ದು 0.1 ತಾನೇ ಎಂದು ನಗುವವರೂ ಇದ್ದಾರೆ. ಈ ಮಾನದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನದು, ಆದ್ದರಿಂದ 0.1ರ ಇಳಿಕೆಯೆಂದರೆ ನೀರನ್ನು ಹುಳಿಯತ್ತ ಒಯ್ಯುವ ಹೈಡ್ರೋಜನ್ ಅಯಾನುಗಳು ಕಾಲು ಭಾಗಕ್ಕೂ ಮಿಕ್ಕಿ ಹೆಚ್ಚಿವೆ ಎಂದರ್ಥ.

ಸುಣ್ಣದ ಕಲ್ಲಿನ ಪುಡಿ ತೋಟದಲ್ಲಿ ಕರಗುವುದು ಮಣ್ಣು ಹುಳಿಯಾಗಿರುವುದರಿಂದ. ಕಡಲ ಮೇಲ್ಪದರದಲ್ಲಾದರೋ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಸಾರ, ಕರಗಬಹುದಾದ ಮಿತಿಯನ್ನು ಈಗಾಗಲೇ ಮೀರಿದೆ. ಅಲ್ಲಿ ಅದೇ ಪುಡಿಯನ್ನು ಸುರಿಯುವುದು, ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿದಿರುವ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದ ಹಾಗೆ. ಅದು ಮರಳಿನಂತೆ ತಳ ಸೇರುತ್ತದೆ.

ಹಾಗಿದ್ದರೆ ಹವಳಕ್ಕೆ ಕಷ್ಟವೇಕೆ ಎಂದು ತಾವು ಕೇಳಬೇಕು, ಆದರೆ ಯಾರೂ ಕೇಳುವುದಿಲ್ಲ. ನಾವು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅದು ನೀರಿನೊಡನೆ ಸೇರಿ ಕಾರ್ಬೋನಿಕ್ ಆಮ್ಲವಾಗುತ್ತದೆ. ಆಮ್ಲ ಬಿಟ್ಟುಕೊಟ್ಟ ಹೈಡ್ರೋಜನ್ ಅಯಾನು ನೀರಿನಲ್ಲಿರುವ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಲೀಟರಿಗೆ ಸುಮಾರು 400 ಮಿಲಿಗ್ರಾಂ ಇರುವ ಕ್ಯಾಲ್ಸಿಯಂಗೆ ಕೊರತೆಯಿಲ್ಲ, ಕೊರತೆಯಾಗುತ್ತಿರುವುದು ಕಾರ್ಬೊನೇಟಿಗೆ; ಹವಳದ ಅಸ್ಥಿಪಂಜರಕ್ಕೆ ಇವೆರಡೂ ಬೇಕು. ಹವಳಕ್ಕೆ ಮಿತಿ ಬರಿದೇ ಮೀರಿದ್ದರೆ ಸಾಲದು, ಚೆನ್ನಾಗಿ ಮೀರಿರಬೇಕು. ಇಲ್ಲವಾದರೆ ಅಸ್ಥಿಪಂಜರ ಕಟ್ಟಲು ಅದು ಹೆಚ್ಚು ಶಕ್ತಿ ವ್ಯಯಿಸಬೇಕಾಗುತ್ತದೆ. ಪಪುವಾ ನ್ಯೂಗಿನಿಯಲ್ಲಿ ಕಡಲತಳದಿಂದ ಈ ಅನಿಲ ತಾನಾಗಿ ಉಕ್ಕುವ ತಾಣಗಳಿದ್ದು, ಪಿಎಚ್ 7.8ರ ಸುತ್ತಮುತ್ತ ಇರುವಲ್ಲಿ ಕವಲೊಡೆಯುವ ಸೂಕ್ಷ್ಮ ಹವಳಗಳು ವಿರಳವಾಗಿ, ಗುಂಡುಕಲ್ಲಿನಂಥ ಒರಟು ಹವಳಗಳೇ ಮೆರೆಯುತ್ತವೆ.

ಇನ್ನು ಸುಟ್ಟ ಸುಣ್ಣ. ಇದು ಕಡಲಲ್ಲಿ ನಿಜವಾಗಿಯೂ ಕರಗುತ್ತದೆ, ಮತ್ತು ಈ ಬಗ್ಗೆ ಗಂಭೀರ ಸಂಶೋಧನೆಯೂ ನಡೆಯುತ್ತಿದೆ. ಆದರೆ 100 ಕೆ.ಜಿ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ 56 ಕೆ.ಜಿ. ಸುಣ್ಣ ಉಳಿದು 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಆ ಸುಣ್ಣ ಕಡಲಲ್ಲಿ ಹೆಚ್ಚೆಂದರೆ 88 ಕೆ.ಜಿ. ಅನಿಲವನ್ನು ಕಟ್ಟಿಹಾಕೀತು, ಉಳಿತಾಯ 44 ಕೆ.ಜಿ., ಅದರಲ್ಲಿ ಭಟ್ಟಿಯ ಇಂಧನದ್ದನ್ನು ಕಳೆಯಬೇಕು. ಕಡಲು ಈಗ ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರುತ್ತಿರುವುದರಿಂದ, ಅದನ್ನು ಸರಿದೂಗಿಸಲು 640 ಕೋಟಿ ಟನ್ ಸುಣ್ಣ ಬೇಕು. ಇಡೀ ಜಗತ್ತು ವರ್ಷಕ್ಕೆ ತಯಾರಿಸುವ ಸಿಮೆಂಟು ಸುಮಾರು 400 ಕೋಟಿ ಟನ್. ಒಂದೇ ಕಡೆ ಅತಿಯಾಗಿ ಸುರಿದರಂತೂ ಕಾರ್ಬೊನೇಟ್ ಹರಳುಗಟ್ಟಿ ತಳಕ್ಕಿಳಿದು, ಕಟ್ಟಿಹಾಕಿದ ಅನಿಲದಲ್ಲಿ ಒಂದು ಪಾಲು ಮರಳಿ ಬಿಡುಗಡೆಯಾಗುತ್ತದೆ.

ಸಣ್ಣ ಪ್ರಮಾಣದಲ್ಲಿ ಕ್ಷಾರ ಕೆಲಸ ಮಾಡುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2014ರಲ್ಲಿ ಆಸ್ಟ್ರೇಲಿಯಾದ ಒನ್ ಟ್ರೀ ದ್ವೀಪದ ದಿಬ್ಬವೊಂದರ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸಿದ ನೀರನ್ನು ಹರಿಸಿದಾಗ, ಅಲ್ಲಿ ಸುಣ್ಣ ಕಟ್ಟುವ ವೇಗ ಸುಮಾರು ಶೇ 7ರಷ್ಟು ಏರಿತು. ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ಸಿಂಪಿ ಮರಿಗಳನ್ನು ಬೆಳೆಸುವವರು ತೊಟ್ಟಿಯ ನೀರಿಗೆ ಸೋಡಾ ಬೆರೆಸಿ ಮರಿಗಳನ್ನು ಉಳಿಸಿಕೊಂಡರು. ತೊಟ್ಟಿಗೆ ಗೋಡೆಯುಂಟು, ಕಡಲಿಗಿಲ್ಲ. ಬದುಕಿರುವ ದಿಬ್ಬದ ಮೇಲೆ ಮೂಟೆಗಟ್ಟಲೆ ಕ್ಷಾರ ಸುರಿಯುವ ಯೋಜನೆಗೆ ನಾನಂತೂ ಸಹಿ ಹಾಕಲಾರೆ. ಇದನ್ನು ನನ್ನ ಅಂಜುಬುರುಕತನವೆಂದು ತಿಳಿದರೂ ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಹೊಳೆ ಸೇರಿ ಕಡಲನ್ನು ಹುಳಿ ಮಾಡುತ್ತದೆಯೇ? (ಸಕಲೇಶಪುರ)

ಉತ್ತರ: ಆ ನೀರಿನ ಹುಳಿ ಕಡಲವರೆಗೆ ತಲುಪುವುದಿಲ್ಲ, ಆದರೆ ದಾರಿಯಲ್ಲಿ ಹಳ್ಳದ ಆಮ್ಲಜನಕವನ್ನು ನುಂಗಿ ಮೀನು ಕೊಲ್ಲುತ್ತದೆ; ಬಿಡಬೇಡಿ. ಕಡಲಿಗೆ ತಲುಪುವುದು ಗೊಬ್ಬರದ ಸಾರಜನಕ ಮತ್ತು ರಂಜಕ. ಹೇಮಾವತಿಗೆ ಬಿದ್ದದ್ದು ಗೊರೂರಿನ ಅಣೆಕಟ್ಟು ದಾಟಿ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೂ, ಕೆಂಪುಹೊಳೆಗೆ ಬಿದ್ದದ್ದು ನೇತ್ರಾವತಿಯ ಮೂಲಕ ಮಂಗಳೂರಿನ ಅಳಿವೆಗೂ ಹೋಗುತ್ತದೆ. ಅಲ್ಲಿ ಪಾಚಿ ಸೊಕ್ಕಿ ಬೆಳೆದು, ಸತ್ತು ಕೊಳೆಯುವಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕರಾವಳಿಯ ನೀರಿನ ಪಿಎಚ್ ಇಳಿಯಲು ಇದೂ ಒಂದು ಕಾರಣ.

ಪ್ರಶ್ನೆ: ಕಡಲಿಗಿಳಿದರೆ ಮೈ ಉರಿಯುತ್ತದೆಯೇ? (ಹಾಸನ)

ಉತ್ತರ: ಇಲ್ಲ.

ಪ್ರಶ್ನೆ: ಹವಳದ ಪುಡಿ ಬೆರೆಸಿದ ಕ್ಷಾರೀಯ ನೀರು ಕುಡಿದರೆ ರಕ್ತದ ಆಮ್ಲೀಯತೆ ಹೋಗುತ್ತದೆಂದು ಮಾರುತ್ತಿದ್ದಾರೆ. ನಿಜವೇ? (ಕಡೂರು)

ಉತ್ತರ: ಶುದ್ಧ ಮೋಸ. ರಕ್ತದ ಪಿಎಚ್ಚನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರೊಳಗೆ ಹಿಡಿದಿಡುತ್ತವೆ, ಪೊಟ್ಟಣದ ಪುಡಿಯಲ್ಲ. ಆ ಪುಡಿ ಎಲೆ ಅಡಿಕೆಯ ಸುಣ್ಣದ ದೂರದ ನೆಂಟನಷ್ಟೇ. ಕಡಲಿನ ಸಂಕಟವನ್ನು ತೋರಿಸಿ ಹೊಟ್ಟೆಗೆ ಪುಡಿ ಮಾರುವವರನ್ನು ಮನೆಯ ಮೆಟ್ಟಿಲು ಹತ್ತಿಸಬೇಡಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಮಲ್ಪೆಯ ನೀರನ್ನು ಪಿಎಚ್ ಕಾಗದದಲ್ಲಿ ಪರೀಕ್ಷಿಸಿದೆ, 8 ತೋರಿಸಿತು. ಹಾಗಾದರೆ ಇದೆಲ್ಲ ಸುಳ್ಳಲ್ಲವೇ? (ವಿದ್ಯಾರ್ಥಿ, ಬೇಲೂರು)

ಉತ್ತರ: ಆ ಕಾಗದ 0.1ರ ಅಂತರವನ್ನು ಹಿಡಿಯಲಾರದು. ಅಲ್ಲದೆ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಮ್ಲಜನಕ ಕಡಿಮೆಯಿರುವ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಆಳದ ನೀರು ತಾನಾಗಿಯೇ ಮೇಲೇಳುತ್ತದೆ, ನದಿಗಳ ಸಿಹಿನೀರೂ ಬಂದು ಸೇರುತ್ತದೆ. ಒಂದು ದಿನದ ಒಂದು ಬಾಟಲಿಯಿಂದ ಏನೂ ಸಿದ್ಧವಾಗುವುದಿಲ್ಲ, ನನ್ನ ಪರವಾಗಿಯೂ. ಒಂದೇ ಜಾಗದಲ್ಲಿ, ಒಳ್ಳೆಯ ಉಪಕರಣದಿಂದ, ವರ್ಷಾನುಗಟ್ಟಲೆ ಅಳೆಯಬೇಕು. ಉಳಿದ ಕಾಗದವನ್ನು ಪಲ್ಪರ್ ಹೊಂಡದಲ್ಲಿ ಅದ್ದಿ ನೋಡಿ. ಅಲ್ಲಿ ಅದು ಸರಿಯಾಗಿಯೇ ಬಣ್ಣ ತೋರಿಸುತ್ತದೆ.