ಕಡತವೂ ಅದೇ, ಅಧಿಕಾರಿಯೂ ಅವನೇ

ಪ್ರಶ್ನೆ: ಹಿಟ್ಲರನ ಶಿಬಿರಗಳಲ್ಲಿ ಯೆಹೂದ್ಯರಂತೆ, 'ಜಿಪ್ಸಿ'ಗಳೆಂದು ಕರೆಯುತ್ತಿದ್ದ ರೋಮಾ ಜನರನ್ನೂ ಕೊಂದರೆಂದು ಓದಿದೆ. ಬದುಕುಳಿದವರಿಗೆ 1945ರ ನಂತರವಾದರೂ ನ್ಯಾಯ ಸಿಕ್ಕಿತೇ?
– ಒಬ್ಬ ಓದುಗರು

ಉತ್ತರ: ಸಿಗಲಿಲ್ಲ. ಪಶ್ಚಿಮ ಜರ್ಮನಿಯಲ್ಲಿ ಸಿಂತಿ (ಅಲ್ಲಿ ಬಹುಕಾಲದಿಂದ ನೆಲೆಸಿದ ರೋಮಾ ಗುಂಪು) ಮತ್ತು ರೋಮಾ ಜನರು ಪರಿಹಾರಕ್ಕೆ ಅರ್ಜಿ ಹಾಕಿದರೆ ಅಭಿಪ್ರಾಯ ಕೇಳುತ್ತಿದ್ದುದು ಪೊಲೀಸರನ್ನು. ಅವರಲ್ಲಿ ಕೆಲವರು ಹಿಂದೆ ಇದೇ ಜನರನ್ನು ಶಿಬಿರಗಳಿಗೆ ಸಾಗಿಸಿದ್ದವರು! ಬವೇರಿಯಾ ರಾಜ್ಯ 1953ರಲ್ಲಿ ಅಲೆಮಾರಿಗಳ ಹೆಸರಿನಲ್ಲಿ ಇವರ ಮೇಲೆಯೇ ತಂದ ಕಾನೂನು 1926ರ ಹಳೆಯ ಕಾನೂನಿಗೇ ಸುಣ್ಣ ಬಳಿದಂತಿತ್ತು. ಅದು ರದ್ದಾದದ್ದು 1970ರಲ್ಲಿ. ಪೊಲೀಸ್ ದಾಖಲೆಗಳಲ್ಲಿ ದೇಹದ ಗುರುತನ್ನು ನಮೂದಿಸುವಾಗ, ತೋಳಿನ ಮೇಲೆ ಔಶ್ವಿಟ್ಸ್ ಹತ್ಯಾಶಿಬಿರದಲ್ಲಿ ಚುಚ್ಚಿದ್ದ ಹಚ್ಚೆಯ ಸಂಖ್ಯೆಯನ್ನೂ ಬರೆದುಕೊಳ್ಳುತ್ತಿದ್ದರು. ಕೊಲೆಗಡುಕರು ಹಾಕಿದ ಅಂಕಿ ಪೊಲೀಸರಿಗೆ ಮಚ್ಚೆಯಷ್ಟೇ ಅನುಕೂಲವಾಗಿ ಒದಗಿತು.

ನ್ಯಾಯಾಲಯದ ಮಾತು ಇನ್ನೂ ಕೆಟ್ಟದ್ದು. 1940ರಲ್ಲಿ ಇವರನ್ನು ಸಾಗಿಸಿದ್ದು ಜನಾಂಗದ್ವೇಷದಿಂದಲ್ಲ, ಅಪರಾಧ ತಡೆಯಲು ಎಂದು ದೇಶದ ಅತ್ಯುಚ್ಚ ಸಿವಿಲ್ ನ್ಯಾಯಪೀಠ 1956ರಲ್ಲಿ ತೀರ್ಪಿತ್ತಿತು. ಪರರ ಸ್ವತ್ತನ್ನು ಕಬಳಿಸುವುದು ಇವರಿಗೆ ಆದಿಮಾನವರಂತೆ ಹುಟ್ಟುಗುಣ ಎಂದೂ ಬರೆಯಿತು. ಪೀಠದ ಲೆಕ್ಕದಲ್ಲಿ ಜನಾಂಗದ್ವೇಷ ಶುರುವಾದದ್ದು 1943ರಲ್ಲಿ; ಅದಕ್ಕಿಂತ ಮೊದಲಿನ ಯಾತನೆಗೆ ಇದರಿಂದ ಪರಿಹಾರ ತಪ್ಪಿತು. 1963ರಲ್ಲಿ ಅದೇ ಪೀಠ ನಿಲುವು ಸಡಿಲಿಸುವ ಹೊತ್ತಿಗೆ ಎಷ್ಟೋ ಅರ್ಜಿದಾರರು ಕಣ್ಣುಮುಚ್ಚಿದ್ದರು.

ಇವರ ತಲೆ ಅಳೆದು, ವಂಶಾವಳಿ ಬರೆಸಿ, "ಮಿಶ್ರರಕ್ತ"ದವರೆಂದು ವರದಿ ಕೊಟ್ಟಿದ್ದ ನಾಜಿ ಕಾಲದ ಜನಾಂಗ ಸಂಶೋಧಕ ರಾಬರ್ಟ್ ರಿಟ್ಟರ್ ಏನಾದ? ಯುದ್ಧದ ನಂತರ ಫ್ರಾಂಕ್‌ಫರ್ಟ್ ನಗರದ ಆರೋಗ್ಯ ಇಲಾಖೆಯಲ್ಲಿ ವೈದ್ಯನಾದ. ಸಹಾಯಕಿ ಇವಾ ಜಸ್ಟಿನ್‌ಗೂ ಅಲ್ಲೇ ಕೆಲಸ ಸಿಕ್ಕಿತು. ಇಬ್ಬರಿಗೂ ಶಿಕ್ಷೆಯಾಗಲಿಲ್ಲ.

ಕೊನೆಗೆ ದಾರಿ ತೆರೆದವರು ಸಂತ್ರಸ್ತರೇ. 1980ರ ಈಸ್ಟರ್ ಹೊತ್ತಿನಲ್ಲಿ ಸಿಂತಿಗಳ ಒಂದು ಗುಂಪು ಡಖಾವ್ ಶಿಬಿರದ ಆವರಣದಲ್ಲಿ ಉಪವಾಸ ಕುಳಿತಿತು. ಮರುವರ್ಷ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ದಾಖಲೆ ಭಂಡಾರಕ್ಕೇ ನುಗ್ಗಿ ಕುಳಿತರು. ರಿಟ್ಟರ್‌ನ ಕಾಗದಪತ್ರಗಳು ಅಲ್ಲಿದ್ದವು, ಸಂಶೋಧನೆಗೆಂದು ಬಳಕೆಯಲ್ಲಿದ್ದವು! ಅವು ರಾಷ್ಟ್ರೀಯ ಪತ್ರಾಗಾರಕ್ಕೆ ಹೋದದ್ದು ಈ ಪಟ್ಟಿನಿಂದ. 1982ರಲ್ಲಿ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಇದು ಜನಾಂಗಹತ್ಯೆ ಎಂದು ಒಪ್ಪಿಕೊಂಡರು. ಬರ್ಲಿನ್‌ನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ.

ಈಗ ದ್ವೇಷ ಅಳಿಯಿತೇ ಎಂದು ನೀವು ಮುಂದೆ ಕೇಳಬಹುದು. ರೋಮಾದ್ವೇಷವನ್ನು ಎದುರಿಸಲೆಂದೇ ಜರ್ಮನ್ ಸರ್ಕಾರ 2022ರಲ್ಲಿ ಪ್ರತ್ಯೇಕ ಆಯುಕ್ತರೊಬ್ಬರನ್ನು ನೇಮಿಸಬೇಕಾಯಿತು.