ಮೊದಲು ಫಿಸಿಕ್ಸ್, ಇತಿಹಾಸ ಆಮೇಲೆ

ಪ್ರಶ್ನೆ: ಮೇಡಂ, ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋಗುವಂಥ ಕಾಲೇಜು) ಮೊದಲ ವರ್ಷದಲ್ಲಿದ್ದೇನೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಟ್ರಾನ್ಸ್‌ಫರ್ ಆಗಿ ಸಿವಿಲ್ ಎಂಜಿನಿಯರ್ ಆಗುವ ಆಸೆ. ಇತಿಹಾಸ, ಸೈಕಾಲಜಿಯಂಥ ಸಾಮಾನ್ಯ ವಿಷಯಗಳನ್ನು ಮೊದಲು ಮುಗಿಸು ಅಂತ ಸ್ನೇಹಿತರು ಹೇಳುತ್ತಾರೆ. ಇಲ್ಲಿಂದ ಹೋದರೆ ಒಳ್ಳೆ ಕೆಲಸ ಸಿಗುತ್ತಾ ಅನ್ನೋದು ಅಪ್ಪನ ಚಿಂತೆ. ಏನು ಮಾಡಲಿ?

ಉತ್ತರ: ಸ್ನೇಹಿತರ ಮಾತು ಸೈಕಾಲಜಿ ಓದುವವರಿಗೆ ಸರಿ, ಎಂಜಿನಿಯರಿಂಗ್‌ಗೆ ಅಲ್ಲ. ಕಾಲೇಜಿನಲ್ಲಿ ಕೌನ್ಸೆಲರ್ ಆಗಿ ನಾನು ಜಾಸ್ತಿ ನೋಡುವ ಸಂಕಟ ಇದೇ. ಟ್ರಾನ್ಸ್‌ಫರ್‌ಗೆ ಬೇಕಾದ 60 ಯೂನಿಟ್ (ತರಗತಿಗಳ ಲೆಕ್ಕ) ತುಂಬಿರುತ್ತದೆ, ಕ್ಯಾಲ್ಕುಲಸ್ ಮಾತ್ರ ಅರ್ಧಕ್ಕೇ ನಿಂತಿರುತ್ತದೆ. ಮಕ್ಕಳು ಕಷ್ಟಪಟ್ಟು ಓದಿರುತ್ತಾರೆ, ನೋಡಿ ಸಂಕಟವಾಗುತ್ತದೆ.

ನಿಮ್ಮ ವಿಷಯಗಳು ಒಂದರ ಬಾಲ ಇನ್ನೊಂದು ಹಿಡಿದು ಬರುತ್ತವೆ. ಮೊದಲ ಕ್ಯಾಲ್ಕುಲಸ್ ಆಗದೆ ಫಿಸಿಕ್ಸ್‌ನ ಮೊದಲ ತರಗತಿ ಮೆಕ್ಯಾನಿಕ್ಸ್ ಇಲ್ಲ. ಮೆಕ್ಯಾನಿಕ್ಸ್ ಆಗದೆ ಸ್ಟ್ಯಾಟಿಕ್ಸ್, ಅಂದರೆ ಅಲುಗಾಡದೆ ನಿಂತ ವಸ್ತುಗಳ ಮೇಲಿನ ಬಲಗಳ ಲೆಕ್ಕ, ಇಲ್ಲ. ಡಿಫರೆನ್ಷಿಯಲ್ ಈಕ್ವೇಷನ್ಸ್ ಸರದಿ ಇನ್ನೂ ಆಮೇಲೆ. ಸ್ಟ್ಯಾಟಿಕ್ಸ್ ಅನ್ನು ಎಷ್ಟೋ ಕಾಲೇಜುಗಳು ವರ್ಷಕ್ಕೆ ಒಂದೇ ಸಲ ನಡೆಸುತ್ತವೆ. ಅದು ತಪ್ಪಿದರೆ ಒಂದು ವರ್ಷ ಸುಮ್ನೆ ಹೋಗುತ್ತದೆ. ಇತಿಹಾಸದ ತರಗತಿಯನ್ನು ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲೂ ಮುಗಿಸಬಹುದು, ಅಲ್ವಾ? ಎರಡು ಇಂಗ್ಲಿಷ್ ಕಾಂಪೊಸಿಷನ್ ತರಗತಿಗಳನ್ನು ಮಾತ್ರ ಮುಂದಕ್ಕೆ ಹಾಕಬೇಡಿ, ಯೂನಿವರ್ಸಿಟಿಗೆ ಅವು ಬೇಕೇ ಬೇಕು.

ಇವತ್ತೇ ಅಸಿಸ್ಟ್ ಡಾಟ್ ಆರ್ಗ್ (assist.org) ಅನ್ನೋ ವೆಬ್‌ಸೈಟ್ ತೆರೆಯಿರಿ. ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಸಿವಿಲ್ ಎಂಜಿನಿಯರಿಂಗ್, ಈ ಮೂರನ್ನೂ ಆರಿಸಿದರೆ ನಿಮ್ಮ ಯಾವ ತರಗತಿ ಅಲ್ಲಿನ ಯಾವುದಕ್ಕೆ ಸಮ ಅಂತ ಸಾಲುಸಾಲಾಗಿ ಬರುತ್ತದೆ. ಯೂನಿವರ್ಸಿಟಿಯ ಬರ್ಕ್ಲಿ, ಡೇವಿಸ್, ಅರ್ವೈನ್ ಮೂರು ಕ್ಯಾಂಪಸ್‌ಗಳ ಪಟ್ಟಿಯನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಡಿ. ಮೂರರಲ್ಲೂ ಇರುವುದಕ್ಕೆ ಗೆರೆ ಹಾಕಿ, ಮೊದಲು ಅವನ್ನು ಹಿಡಿಯಿರಿ. ಆ ಹಾಳೆ ಹಿಡಿದುಕೊಂಡೇ ನಿಮ್ಮ ಕೌನ್ಸೆಲರ್ ಹತ್ತಿರ ಹೋಗಿ.

ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಅಂತ ಒಂದಿದೆ, ಷರತ್ತು ಪೂರೈಸಿದರೆ ಸೀಟು ಖಾತ್ರಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್‌ನಲ್ಲಿ ಮಾತ್ರ ಉಂಟು. ಬರ್ಕ್ಲಿಯಲ್ಲಿ ಇಲ್ಲ. ಅರ್ಜಿ ಸೆಪ್ಟೆಂಬರ್‌ನಲ್ಲಿ, ಅದೂ ಒಂದೇ ಕ್ಯಾಂಪಸ್‌ಗೆ. ಎಲ್ಲ ಮೇಜರ್‌ಗೂ (ಪದವಿಯ ಮುಖ್ಯ ವಿಷಯಕ್ಕೂ) ಅನ್ವಯಿಸುವುದಿಲ್ಲ, ಹಾಗಾಗಿ ಸಿವಿಲ್‌ಗೆ ಇದೆಯಾ ಅಂತ ಆ ವರ್ಷದ ಪಟ್ಟಿಯಲ್ಲಿ ನೋಡಿಕೊಳ್ಳಿ. ಯೂನಿವರ್ಸಿಟಿ ಪ್ರವೇಶದ ಮುಖ್ಯ ಅರ್ಜಿಯನ್ನು ನವೆಂಬರ್‌ನೊಳಗೆ ಬೇರೆಯಾಗಿ ಹಾಕಲೇಬೇಕು. ಜೊತೆಗೆ ಸ್ಯಾನ್ ಹೊಸೆ ಸ್ಟೇಟ್‌ನಂಥ ಬೇರೆ ಸರ್ಕಾರಿ ಯೂನಿವರ್ಸಿಟಿಗಳಿಗೂ ಹಾಕಿ. ಅಲ್ಲಿ ಓದಿದವರೂ ಇದೇ ಸೇತುವೆ, ಇದೇ ರಸ್ತೆ ಕಟ್ಟುತ್ತಾರೆ.

ಇನ್ನು ಅಪ್ಪನ ಚಿಂತೆ. ಪದವಿ ಕೊಡುವುದು ಯೂನಿವರ್ಸಿಟಿಯೇ. ಸಿವಿಲ್‌ನಲ್ಲಿ ದೊಡ್ಡ ಮೆಟ್ಟಿಲು ಪಿಇ (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸ್. ಮೊದಲು ಎಫ್‌ಇ (ಎಂಜಿನಿಯರಿಂಗ್ ಮೂಲಪಾಠಗಳ) ಪರೀಕ್ಷೆ, ಆಮೇಲೆ ಕೆಲಸದ ಅನುಭವ, ನಂತರ ಪಿಇ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಭೂಕಂಪ ಮತ್ತು ಸರ್ವೆಯಿಂಗ್ (ಜಮೀನಿನ ಅಳತೆ) ಬಗ್ಗೆ ಇನ್ನೆರಡು ಪರೀಕ್ಷೆ. ಮೊದಲೆರಡು ವರ್ಷ ಎಲ್ಲಿ ಓದಿದಿರಿ ಅನ್ನೋದಕ್ಕೆ ಇಲ್ಲೆಲ್ಲೂ ಅಂಕ ಇಲ್ಲ ಅಂತ ಅವರಿಗೆ ಹೇಳಿ. ನಿಮ್ಮ ಕಾಲೇಜಿನಲ್ಲೇ ಸರ್ವೆಯಿಂಗ್ ತರಗತಿ ಇದ್ದರೆ ತೆಗೆದುಕೊಳ್ಳಿ. ಅದನ್ನು ಬಯೋಡೇಟಾದಲ್ಲಿ ಹಾಕಿ, ಬರುವ ಬೇಸಿಗೆಗೆ ನಿಮ್ಮ ಊರಿನ ಪಬ್ಲಿಕ್ ವರ್ಕ್ಸ್ ಇಲಾಖೆಯಲ್ಲಿ ಇಂಟರ್ನ್‌ಶಿಪ್ ಕೇಳಿ. ಜನವರಿಯಲ್ಲೇ ಕೇಳಲು ಶುರು ಮಾಡಿ.