ಬ್ರೇಕ್ ಡ್ರಮ್ ಬಿಚ್ಚಿದ್ದು ಹೇಗೆ ಅಂತ ಹೇಳಲೇ ಇಲ್ಲವಲ್ಲ!

ನಮಸ್ಕಾರ. ಹದಿನೆಂಟು ವರ್ಷ ಕೊಟ್ಟಿಗೆಯಲ್ಲಿ ನಿಂತಿದ್ದ ಸೋದರಮಾವನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನೀವು ಬಿಚ್ಚಿ ರಿಪೇರಿ ಮಾಡಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಬೇಜಾರಾಗಬೇಡಿ, ಕಾರಣ ಹೇಳುತ್ತೇನೆ.

ಮೊದಲ ಎರಡು ಪುಟ ಬರೀ ಚರಿತ್ರೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದಿದ್ದು, ಇಟಲಿಯ ಮಿಕೆಲೋಟಿ ಡಿಸೈನ್ ಮಾಡಿದ್ದು, 1961ರಿಂದ ಮದ್ರಾಸಿನಲ್ಲಿ ತಯಾರಾಗಿದ್ದು, 948 ಸಿಸಿ ಎಂಜಿನ್. ಎಲ್ಲ ಸರಿ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಎರಡು ಸಾಲಿಗೆ ಇಳಿಸಿ.

ಆರನೇ ಪುಟದಲ್ಲಿ ಒಂದು ಮಾತಿದೆ: ಶಾಫ್ಟಿನ ಕ್ರಾಸ್ (ಚಕ್ರ ತಿರುಗಿಸುವ ದಂಡದ ಕೂಡುಕೀಲು) ಬಿಚ್ಚಿದಾಗ ಗ್ರೀಸ್ ಬದಲು ಕುಂಕುಮದಂಥ ಪುಡಿ ಉದುರಿತು, ಸೂಜಿ ಬೇರಿಂಗ್ ಕೂತಿದ್ದ ಕಡೆ ಸಾಲಾಗಿ ಗೀರು ಬಿದ್ದಿತ್ತು. ಇದು ನೀವು ಕಣ್ಣಾರೆ ಕಂಡಿದ್ದು. ಲೇಖನ ಇಲ್ಲಿಂದಲೇ ಶುರುವಾಗಲಿ. ಆದರೆ ಅದರ ಮುಂದಿನ ಸಾಲಿನಲ್ಲೇ 'ಆಕ್ಸಲ್ ಹೌಸಿಂಗ್ ಇಳಿಸಿದೆವು' ಅಂದುಬಿಟ್ಟಿದ್ದೀರಿ. ಹಿಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಹೌಸಿಂಗ್ ಇರುವ ಅಂಬಾಸಿಡರ್ ಕಥೆ ಆಯ್ತು ಅದು. ಹೆರಾಲ್ಡಿನಲ್ಲಿ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆ) ಚಾಸಿಗೇ ಬೋಲ್ಟ್ ಆಗಿರುತ್ತದೆ, ಅಲ್ಲಿಂದ ಆ ಚಕ್ರಕ್ಕೊಂದು ಈ ಚಕ್ರಕ್ಕೊಂದು ಶಾಫ್ಟ್, ಮೇಲೆ ಅಡ್ಡಕ್ಕೆ ಒಂದೇ ಪ್ಲೇಟ್ ಸ್ಪ್ರಿಂಗ್. ಹಳೇ ಮೆಕ್ಯಾನಿಕ್ ಒಬ್ಬರು ಓದಿದರೆ ಅಲ್ಲಿಗೇ ಪುಟ ಮಡಚಿಡುತ್ತಾರೆ.

ಇನ್ನು ಜಾಮ್ ಆದ ಬ್ರೇಕು, ಚಕ್ರದ ಜೊತೆ ತಿರುಗುವ ಅದರ ಡ್ರಮ್ಮು. 'ಹರಸಾಹಸ ಪಟ್ಟು ಡ್ರಮ್ ಬಿಚ್ಚಿದೆವು', ಇಷ್ಟೇ! ಎಂಥ ಸಾಹಸ ಮಾರಾಯರೇ? ಮೊದಲು ಅಡ್ಜಸ್ಟರ್ (ಬ್ರೇಕಿನ ಬಿಗಿ ಹೊಂದಿಸುವ ತಿರುಪು) ಸಡಿಲ ಮಾಡಲು ಹೋದಿರೋ, ಅದೂ ತುಕ್ಕು ಹಿಡಿದು ತಿರುಗಲಿಲ್ಲವೋ, ಡ್ರಮ್ ಸುತ್ತ ಮರದ ಸುತ್ತಿಗೆಯಲ್ಲಿ ಎಷ್ಟು ಹೊತ್ತು ತಟ್ಟಿದಿರಿ, ಕೊನೆಗೆ ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಡ್ರಮ್ಮಿಗೇ ಅಂಟಿಕೊಂಡು ಬಂತೋ? ಎರಡು ದಿನ ಹಿಡಿಯಿತು ಅಂತ ನೀವೇ ಬರೆದಿದ್ದೀರಿ. ಆ ಎರಡು ದಿನ ಎಲ್ಲಿ ಹೋಯಿತು? ವೀಲ್ ಸಿಲಿಂಡರಿನಲ್ಲಿ (ಆಯಿಲ್ ಒತ್ತಡದಿಂದ ಬ್ರೇಕ್ ಹಿಡಿಸುವ ಕೊಳವೆಯಲ್ಲಿ) ಪಿಸ್ಟನ್ ಕಚ್ಚಿಕೊಂಡಿದ್ದಕ್ಕೆ 'ವಯಸ್ಸಾಗಿತ್ತು' ಅಂದರೆ ಸಾಲದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಿಂತ ಗಾಡಿಯಲ್ಲಿ ಆ ನೀರೇ ಒಳಗಿಂದ ತುಕ್ಕು ಹಿಡಿಸುತ್ತದೆ. ಇದನ್ನು ಬರೆಯಲು ಒಂದು ಸಾಲು ಸಾಕು.

ಕೊನೆಯದು ಸ್ವಲ್ಪ ಗಂಭೀರ. ಆ ಸಿಲಿಂಡರಿನಿಂದ ಆಯಿಲ್ ಸೋರದಂತೆ ತಡೆಯುವ ಹಳೇ ರಬ್ಬರ್ ಕಪ್‌ಗಳನ್ನು ಪೆಟ್ರೋಲಿನಲ್ಲಿ ತೊಳೆದು ವಾಪಸ್ ಹಾಕಿದೆವು ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಪೆಟ್ರೋಲ್ ತಾಗಿದರೆ ಆ ರಬ್ಬರ್ ಊದಿಕೊಳ್ಳುತ್ತದೆ, ಬ್ರೇಕ್ ಮತ್ತೆ ಕಚ್ಚಬಹುದು, ಇಲ್ಲವೇ ಲೀಕ್ ಆಗಿ ಹಿಡಿಯದೇ ಹೋಗಬಹುದು. ಆಮೇಲೆ ಹೊಸ ಕಪ್‌ಗಳ ಕಿಟ್ ಹಾಕಿದ್ದರೆ ತಪ್ಪನ್ನೂ ಕಿಟ್ಟನ್ನೂ ಎರಡನ್ನೂ ಬರೆಯಿರಿ. ಹಾಕಿಲ್ಲದಿದ್ದರೆ ಲೇಖನ ತಿದ್ದುವುದು ಹಾಗಿರಲಿ, ಮೊದಲು ಹೋಗಿ ಕಾರಿನ ನಾಲ್ಕೂ ಚಕ್ರ ಬಿಚ್ಚಿ.